ಯಾರೂ ಇಲ್ಲದವಳ ಚಿತ್ರ

ಬೇಲಿಯ ಮುಳ್ಳು ಸರಿಸುವ ಮೊದಲೇ ಲೋಬಾನದ ವಾಸನೆ ಮೂಗಿಗೆ ಬಡಿದು ವರ್ಫಾನ ಎದೆ ಧಸಕ್ಕೆಂದಿತು. ಚಿಕ್ಕಮ್ಮ ಬರ್ವಾಕೊ ಲೋಬಾನ ಹಾಕುವುದು ಈದ್ ದಿನ, ಇಲ್ಲವೆ ಮದುವೆಯ ದಿನ. ಇವತ್ತು ಅಂಥದ್ದೇನೂ ಇಲ್ಲ. ಎಂದಿನ ಕೆಂಧೂಳು, ನಲ್ಲಿಯ ಮುಂದೆ ಎಂದಿನ ಹಳದಿ ಡಬ್ಬಗಳ ಸಾಲು, ಕಸದ ಗುಡ್ಡೆಯ ಮೇಲೆ ಎಂದಿನ ಬೋಳುತಲೆಯ ಕೊಕ್ಕರೆಗಳು. ದಾದಾಬಿನ ನಿರಾಶ್ರಿತರ ಶಿಬಿರದಲ್ಲಿ ಒಂದು ದಿನಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಅಷ್ಟರಲ್ಲೇ. ನಿನ್ನೆ ಸಂಜೆ ಅವನು ಅವಳಿಗೆ ಹೇಳಿದ್ದು ಇಷ್ಟು: ನಾಳೆ ನಮ್ಮ ಆಫೀಸಿನವರು ಬರುತ್ತಾರೆ, ನಿನ್ನ ಚಿತ್ರ ತೆಗೆಯುತ್ತಾರೆ, ಒಂದೆರಡು ಮಾತು ಕೇಳುತ್ತಾರೆ. ಹೇಳಬೇಕಾದದ್ದು ಇನ್ನೂ ಇತ್ತು. ಅದನ್ನು ಹೇಳದೆ ಅವನು ಆಕಳಿಸಿದಂತೆ ಮಾಡಿ ಮಲಗಲು ಹೋಗಿದ್ದ. ಬಡವರಿಗೆ ನೀವು ಬಡವರ ಹಾಗೆ ಕಾಣಬೇಕು ಎಂದು ಹೇಳುವುದಾದರೂ ಹೇಗೆ? ಅದರಲ್ಲೂ ಚಿಕ್ಕಮ್ಮನಿಗೆ, ತಾನು ಬಡವಳೆಂಬುದನ್ನು ಒಂದು ದಿನವೂ ಒಪ್ಪಿಕೊಳ್ಳದೆ ಇಷ್ಟು ವರ್ಷ ಬಡತನವನ್ನು ನಿಭಾಯಿಸಿದವಳಿಗೆ.

ಒಳಗೆ ನೋಡಿದರೆ ತಗಡಿನ ಗುಡಿಸಲು ಗುರುತು ಸಿಗದಂತಾಗಿತ್ತು. ನೆಲದ ಮೇಲೆ ಪಕ್ಕದ ಮನೆಯ ಸಾದೊಳ ಮಗಳ ಮದುವೆಯ ಕೆಂಪು ಕಾರ್ಪೆಟ್ಟು. ನೆರವು ಸಂಸ್ಥೆಯ ನೀಲಿ ಮುದ್ರೆಯಿದ್ದ ಟಾರ್ಪಾಲು ಕಾಣದಂತೆ ಅದರ ಮೇಲೆ ಹೂವಿನ ಪರದೆ. ಯಾರ ಯಾರ ಮನೆಯಿಂದಲೋ ಬಂದ ಫ್ಲಾಸ್ಕುಗಳು, ಅಂಚಿಗೆ ಬಂಗಾರದ ಗೆರೆಯಿದ್ದ ಪುಟ್ಟ ಲೋಟಗಳು, ತಟ್ಟೆಯಲ್ಲಿ ಎಣ್ಣೆ ಹೊಳೆಯುವ ಹಲ್ವ. ನಡುವೆ ಬರ್ವಾಕೊ, ಹಳದಿಯ ತೆಳು ನಿಲುವಂಗಿಯಲ್ಲಿ, ಬೆರಳ ತುದಿಗೆ ಹೊಸ ಮದರಂಗಿ ಹಚ್ಚಿಕೊಂಡು ನಿಂತಿದ್ದಳು. ಬಾಗಿಲಲ್ಲಿ ಸಾದೊ ಸೊಂಟಕ್ಕೆ ಕೈಯಿಟ್ಟು, "ನೋಡಪ್ಪಾ, ನಿನ್ನ ಚಿಕ್ಕಮ್ಮನ್ನ ಯಾರೋ ಹೆಣ್ಣು ನೋಡೋಕೆ ಬರ್ತಿರೋ ಹಾಗಿದೆ. ನಿನಗೆ ಹೆಣ್ಣು ಹುಡುಕು ಅಂದ್ರೆ ಇವಳೇ ಮದುಮಗಳಾಗಿ ಕೂತಳು" ಎಂದು ನಕ್ಕಳು. ಚಿಕ್ಕಮ್ಮ ಅವಳ ಬೆನ್ನಿಗೊಂದು ಗುದ್ದು ಕೊಟ್ಟಳು. ನಿನ್ನ ಅತಿಥಿಗಳು ಮೊದಲ ಸಲ ಮನೆಗೆ ಬರುತ್ತಿದ್ದಾರೆ, ನೋಡಿ ಇವನಿಗೂ ಹಿಂದೆ ಮುಂದೆ ಜನ ಇದ್ದಾರೆ ಅಂದುಕೊಳ್ಳಬೇಕು ತಾನೆ, ಎಂದು ಅವನ ಮುಖ ನೋಡಿದಳು. ಚೆನ್ನಾಗಿದೆ ಎಂದ.

ಅವನು ತನ್ನ ಕಡೆಯಿಂದ ಎಲ್ಲ ಎಚ್ಚರಿಕೆಯನ್ನೂ ವಹಿಸಿದ್ದ. ನಸುಕಿನಲ್ಲೇ ಎದ್ದು ಹಗ್ಗದ ಮೇಲಿನ ತನ್ನ ಅಂಗಿಗಳನ್ನು ತೆಗೆದು, ಕನ್ನಡಿ, ಕ್ಷೌರದ ಬ್ಲೇಡು, ಚಪ್ಪಲಿ, ಎಲ್ಲವನ್ನೂ ಚೀಲಕ್ಕೆ ತುಂಬಿ ಸಾದೊಳ ಮನೆಯಲ್ಲಿಟ್ಟು, ತನ್ನನ್ನು ತಾನೇ ಆ ಮನೆಯಿಂದ ಒರೆಸಿ ಹಾಕಿದ್ದ. ಕೆಲಸಗಾರರು ತಮ್ಮ ನಂಟರನ್ನು ಚಿತ್ರಕ್ಕೆ ಕೂರಿಸಬಾರದು ಎಂದು ಆಫೀಸಿನ ನಿಯಮ. ಚಿಕ್ಕಮ್ಮನಿಗೂ ಆಗಲೇ ಹೇಳಿದ್ದ: ಅವರೆದುರು ನನ್ನನ್ನು ಹೆಸರು ಹಿಡಿದು ಕರಿ, ನಾನು ಇಲ್ಲೇ ಇರುತ್ತೇನೆ ಅಂತ ಹೇಳಬೇಡ. ಯಾಕೆ ಎಂದು ಅವಳು ಕೇಳಲಿಲ್ಲ. ಅವಳು ಅವನನ್ನು ಯಾವತ್ತೂ ಹೆಸರು ಹಿಡಿದು ಕರೆದವಳಲ್ಲ, ಹೂಯೋ ಎನ್ನುತ್ತಿದ್ದಳು. ಹೂಯೋ ಎಂದರೆ ತಾಯಿ. ಹೆತ್ತವಳು ಮಗುವನ್ನು ಹಾಗೆ ಕರೆಯುತ್ತಾಳೆ, ತನ್ನ ಹೆಸರನ್ನೇ ಅದಕ್ಕೆ ಕೊಟ್ಟಂತೆ. ಚಿಕ್ಕಮ್ಮನಾದವಳು ಹಾಗೆ ಕರೆಯುವುದಿಲ್ಲ. ಇವಳು ಕರೆದಳು, ಯಾರೂ ಆಕ್ಷೇಪಿಸಲಿಲ್ಲ. ಆಕ್ಷೇಪಿಸಬೇಕಾದ ಅಕ್ಕ, ಅವನನ್ನು ಹೆತ್ತವಳು, ಗಡಿಯ ಆಚೆ ಎಲ್ಲೋ ಒಂದು ಜಾಲಿಯ ಬುಡದಲ್ಲಿ ಮಣ್ಣಾಗಿ ಮಲಗಿದ್ದಳು. ಬೆಳಿಗ್ಗೆ ಅಭ್ಯಾಸ ಮಾಡಿಕೊಳ್ಳುವವಳಂತೆ ಚಿಕ್ಕಮ್ಮ "ವರ್ಫಾ, ಚಹಾ ಕುಡಿ" ಎಂದಾಗ ಅವನಿಗೆ ಯಾರೋ ಕೆನ್ನೆಗೆ ಹೊಡೆದಂತಾಗಿ, ಚಹಾ ಅರ್ಧಕ್ಕೇ ಬಿಟ್ಟು ಎದ್ದಿದ್ದ.

ಅವನ ಕೆಲಸವೆಂದರೆ ಸಂಸ್ಥೆ ದೇಣಿಗೆ ಕೇಳುವ ಚಿತ್ರಗಳಿಗೆ ಮುಖ ಹುಡುಕುವುದು. ಆಫೀಸಿನಲ್ಲಿ ಹಾಗೇ ಹೇಳುತ್ತಿದ್ದರು, ಈ ಸಲ ಒಂದು ಒಳ್ಳೆಯ ಮುಖ ಬೇಕು ವರ್ಫಾ, ಎಂದು, ಸಂತೆಯಿಂದ ಸೊಪ್ಪು ತರಲು ಹೇಳುವಂತೆ. ತರಬೇತಿಯಲ್ಲಿ ಹೇಳಿಕೊಟ್ಟಿದ್ದರು: ಗುಂಪನ್ನು ನೋಡಿ ಯಾರ ಮನಸ್ಸೂ ಕರಗುವುದಿಲ್ಲ, ಒಬ್ಬ ಮನುಷ್ಯ, ಒಂದು ಹೆಸರು, ಒಂದು ಕೊರತೆ, ಅಷ್ಟು ಸಾಕು. ಹಿಂದೆ ಮಕ್ಕಳ ಕಣ್ಣಿಗೆ ನೊಣ ಮುತ್ತುವುದನ್ನು ಕಾಯುತ್ತ ಕೂರುತ್ತಿದ್ದರಂತೆ. ಈಗ ಅದೆಲ್ಲ ನಿಷಿದ್ಧ. ಈಗಿನ ಮಾತು ಘನತೆ. ಜನ ಕ್ಯಾಮರಾವನ್ನು ನೇರವಾಗಿ ನೋಡಬೇಕು, ಕೊನೆಯಲ್ಲಿ ಸಾಧ್ಯವಾದರೆ ಸಣ್ಣಗೆ ನಗಬೇಕು. ಆ ಶಬ್ದ ವರ್ಫಾನಿಗೆ ಬಹಳ ಹಿಡಿಸಿತ್ತು, ಆ ದಿನ ತರಬೇತಿ ಮುಗಿಸಿ ಎದೆಯುಬ್ಬಿಸಿಕೊಂಡೇ ಮನೆಗೆ ಬಂದಿದ್ದ. ಘನತೆಗೂ ಒಂದು ಅಳತೆಯುಂಟು, ಅದನ್ನು ಮೀರಿದರೆ ಕೊಡುವವರ ಕೈ ಹಿಂದೆ ಸರಿಯುತ್ತದೆ ಎಂದು ತಿಳಿಯಲು ಸ್ವಲ್ಪ ಕಾಲ ಬೇಕಾಯಿತು. ಆಮೇಲೆ ಅಂಬರೊಳ ಪ್ರಕರಣ ನಡೆಯಿತು. ನಲ್ಲಿಯ ಹತ್ತಿರದ ಅಂಬರೊ, ಹರಕು ಶಾಲು ಹೊದ್ದು ಖಾಲಿ ಮಡಕೆಯ ಮುಂದೆ ಕೂತ ಚಿತ್ರ, ಅವನೇ ಹುಡುಕಿಕೊಟ್ಟ ಮುಖ. ಅದು ಫೋನಿನಿಂದ ಫೋನಿಗೆ ಹಾರಿ ಮಿನಿಯಾಪೊಲಿಸ್‌ನಲ್ಲಿದ್ದ ಅವಳ ತಮ್ಮಂದಿರ ಕೈಗೆ ಬಿತ್ತು. ನಾವೇನು ಸತ್ತಿದ್ದೇವಾ, ನಮ್ಮ ಕುಲದ ಮಾನ ಬೀದಿಗೆ ತಂದೆಯಲ್ಲ ಎಂದು ಅವರು ಫೋನಿನಲ್ಲಿ ಕೂಗಾಡಿದ್ದು ಇಡೀ ಬ್ಲಾಕಿಗೆ ಕೇಳಿಸಿತು. ಅಂಬರೊ ಈಗಲೂ ವರ್ಫಾ ಎದುರಾದರೆ ಶಾಲು ಮುಖಕ್ಕೆ ಎಳೆದುಕೊಳ್ಳುತ್ತಾಳೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಲ್ಲಿಂದೀಚೆಗೆ ಯಾರೂ ಒಪ್ಪುತ್ತಿಲ್ಲ. ಕ್ಯಾಮರಾ ಕಂಡರೆ ಹೆಂಗಸರು ಬಾಗಿಲು ಹಾಕಿಕೊಳ್ಳುತ್ತಾರೆ, ಗಂಡಸರು ಹಿಂದಿನ ಚಿತ್ರದಿಂದ ನಮಗೇನು ಬಂತು ಎಂದು ಲೆಕ್ಕ ಕೇಳುತ್ತಾರೆ.

ಶಿಬಿರದಲ್ಲಿ ಕೊಡುವ ಧಾನ್ಯ ಅರ್ಧಕ್ಕೆ ಇಳಿದಿತ್ತು. ಆಫೀಸಿನಲ್ಲೂ ಜನರನ್ನು ಕಡಿಮೆ ಮಾಡುತ್ತಿದ್ದರು. ನೈರೋಬಿಯಿಂದ ಪ್ರಚಾರದ ಮುಖ್ಯಸ್ಥೆ ಮುಂಬುವಾ ಫೋನಿನಲ್ಲಿ ಮೆತ್ತಗೆ ಹೇಳಿದ್ದಳು: ಒಂದು ಗಟ್ಟಿ ಕಥೆ ಕೊಡಿ, ಒಂಟಿ ಮುದುಕಿ, ಹಿಂದೆ ಮುಂದೆ ಯಾರೂ ಇಲ್ಲದವಳು, ಅದು ಗೆದ್ದರೆ ನಿಮ್ಮ ಕೆಲಸ ಉಳಿಸಿ ಅಂತ ನಾನು ವಾದ ಮಾಡಬಹುದು. ಆ ಕೆಲಸ ಹೋದರೆ ಈ ಮನೆಯಲ್ಲಿ ಉರಿಯುವುದು ಆ ಅರ್ಧ ಧಾನ್ಯದ ಒಲೆ ಮಾತ್ರ. ಹೀಗೆ ಎಲ್ಲ ಬಾಗಿಲು ತಟ್ಟಿ ಕೊನೆಗೆ ಅವನು ತನ್ನದೇ ಬಾಗಿಲು ತಟ್ಟಿದ್ದ. ಇಲ್ಲ ಎನ್ನಲು ಬಾರದ ಒಬ್ಬಳೇ ಹೆಂಗಸು ಅಲ್ಲಿದ್ದಳು.

ಬಿಳಿ ಜೀಪು ಬಂದು ನಿಂತಾಗ ಬೇಲಿಯ ಸುತ್ತ ಅಕ್ಕಪಕ್ಕದ ಹೆಂಗಸರು ಸೇರಿದ್ದರು. ಮುಂಬುವಾ ಇಳಿದು ತಲೆಗೆ ಬಟ್ಟೆ ಹೊದ್ದು, ಎದೆಗೆ ಕೈಯಿಟ್ಟು ಸಲಾಂ ಹೇಳಿದಳು. ಅವಳ ಹಿಂದೆ ಕ್ಯಾಮರಾದ ಮಾರ್ಟೆನ್, ಉದ್ದದ ಬಿಳಿಯ ಆಸಾಮಿ, ಬಾಗಿಲಲ್ಲಿ ತಲೆ ತಗ್ಗಿಸಿ ಒಳಬಂದು ನಿಂತವನೇ ಮುಂಬುವಾಳ ಮುಖ ನೋಡಿದ. ಆ ನೋಟ ವರ್ಫಾನಿಗೆ ಚೆನ್ನಾಗಿ ಗೊತ್ತಿತ್ತು. ಚಿಕ್ಕಮ್ಮ ಎರಡೂ ಕೈಯಲ್ಲಿ ಮುಂಬುವಾಳ ಕೈ ಹಿಡಿದು, ಪ್ರಯಾಣ ಹೇಗಾಯಿತು, ತಾಯಿ ಚೆನ್ನಾಗಿದ್ದಾರಾ, ಮಕ್ಕಳು ಚೆನ್ನಾಗಿದ್ದಾರಾ, ಆಡುಗಳು ಚೆನ್ನಾಗಿವೆಯಾ ಎಂದು ಕೇಳುತ್ತಲೇ ಹೋದಳು. ವರ್ಫಾ ಆಡಿನ ಪ್ರಶ್ನೆಯನ್ನು ಬಿಟ್ಟು ಉಳಿದದ್ದನ್ನು ಇಂಗ್ಲಿಷಿಗೆ ತಿರುಗಿಸಿದ, ಆಮೇಲೆ ಯಾಕೆ ಬಿಟ್ಟೆ ಎಂದು ಅವನಿಗೇ ನಾಚಿಕೆಯಾಯಿತು. ಮುಂಬುವಾ ಒಳ್ಳೆಯವಳು, ಎಷ್ಟು ಚಂದದ ಮನೆ ಎಂದಳು, ನಿಜವಾಗಿಯೇ ಹೇಳಿದಳು. ಆಮೇಲೆ ಅವನನ್ನು ಬೇಲಿಯ ಮೂಲೆಗೆ ಕರೆದಳು.

"ವರ್ಫಾ, ಇದನ್ನ ನೋಡಿದ್ರೆ ಯಾರು ಕೊಡ್ತಾರೆ ಹೇಳಿ. ನಮ್ಮಮ್ಮನ ಮನೇಲೂ ಇಂಥಾ ಕಾರ್ಪೆಟ್ಟಿಲ್ಲ."

ಅವರಿಗೆ ಹೇಳಿ ತೆಗೆಸಿ, ನೋವಾಗದ ಹಾಗೆ ಹೇಳಿ, ನಿಮಗೆ ಚೆನ್ನಾಗಿ ಬರುತ್ತೆ ಎಂದಳು. ಹೌದು, ಅವನಿಗೆ ಅದು ಚೆನ್ನಾಗಿಯೇ ಬರುತ್ತಿತ್ತು. ಅಂಬರೊಳ ಒಳ್ಳೆಯ ಶಾಲನ್ನು ತೆಗೆಸಿ ಹರಕನ್ನು ಹೊದಿಸುವಾಗಲೂ ಅವಳಿಗೆ ಒಂಚೂರೂ ನೋವಾಗಿರಲಿಲ್ಲ.

ಒಳಗೆ ಬಂದು ಚಿಕ್ಕಮ್ಮನ ಎದುರು ಕುಕ್ಕರುಗಾಲಲ್ಲಿ ಕೂತ. ಕ್ಯಾಮರಾಕ್ಕೆ ಹೊಗೆ ಆಗಲ್ವಂತೆ, ಗಾಜು ಮಬ್ಬಾಗುತ್ತಂತೆ, ಎಂದ. ಲೋಬಾನ ಆರಿತು. ಕಾರ್ಪೆಟ್ಟಿನ ಕೆಂಪು ಮುಖದ ಮೇಲೆ ಬೀಳುತ್ತಂತೆ, ಎಂದ. ಸಾದೊ ಬಾಯಿ ತೆರೆದವಳು ಚಿಕ್ಕಮ್ಮನ ಕಣ್ಣು ನೋಡಿ ಬಾಯಿ ಮುಚ್ಚಿ, ಕಾರ್ಪೆಟ್ಟು ಸುತ್ತಿಕೊಂಡು ಹೊರಟಳು. ಹೂವಿನ ಪರದೆ ಗಾಳಿಗೆ ಅಲ್ಲಾಡುತ್ತೆ. ಲೋಟಗಳ ಗೆರೆ ಹೊಳೆಯುತ್ತೆ. ಹಳದಿ ಬಟ್ಟೆ ಚಿತ್ರದಲ್ಲಿ ಬೆಳ್ಳಗೆ ಬರುತ್ತೆ. ಒಂದೊಂದು ಸುಳ್ಳಿಗೂ ಗುಡಿಸಲಿನಿಂದ ಒಂದೊಂದು ವಸ್ತು ಹೊರಗೆ ಹೋಗುತ್ತಿತ್ತು, ಕೈಯಿಂದ ಕೈಗೆ, ಬೇಲಿ ದಾಟಿ, ತಂತಮ್ಮ ಮನೆಗಳಿಗೆ. ನೀಲಿ ಮುದ್ರೆಯ ಟಾರ್ಪಾಲು ಮತ್ತೆ ಕಾಣಿಸಿತು. ಮಾರ್ಟೆನ್ ಖುಷಿಯಿಂದ ಅದರ ಕಡೆ ಕ್ಯಾಮರಾ ತಿರುಗಿಸಿದ. ಚಿಕ್ಕಮ್ಮ ಮರೆಗೆ ಹೋಗಿ ದಿನದ ಕಂದು ಬಟ್ಟೆ ಉಟ್ಟು ಬಂದಳು. ಅದು ಒಗೆದದ್ದು, ಹರಿದ ಕಡೆ ಹೊಲಿದದ್ದು. ಹರಿದದ್ದು ಕಾಣುವ ಹಾಗೆ ಕೂರು ಎನ್ನಲು ಅವನಿಗೆ ಧೈರ್ಯ ಸಾಲಲಿಲ್ಲ. ಕೊನೆಗೆ ಅವಳೇ ಕಿವಿಗೆ ಕೈಯಿಟ್ಟು ಕೇಳಿದಳು, "ಇದೂ ಹೊಳೆಯುತ್ತಾ?"

ಆಗಲೇ ಅವನು ಓಲೆಯನ್ನು ನೋಡಿದ್ದು. ಅವನ ತಾಯಿಯ ಓಲೆ. ಅದೆಂಥ ಹಸಿವಿನ ಕಾಲದಲ್ಲೂ ಮಾರದೆ, ಗೋಣಿಯ ಮೂಲೆಯಲ್ಲಿ ಗಂಟು ಕಟ್ಟಿ ಇವನ ಹೆಂಡತಿಯಾಗಿ ಬರುವವಳಿಗೆಂದು ಕಾದಿಟ್ಟದ್ದು. ಚಿಕ್ಕಮ್ಮನ ಕಿವಿಯಲ್ಲಿ ಅದನ್ನು ಅವನು ಈವರೆಗೆ ಕಂಡೇ ಇರಲಿಲ್ಲ. "ನಿನ್ನ ಮನೆಗೆ ದೊಡ್ಡವರು ಬರ್ತಾರಲ್ಲ, ಅಕ್ಕನೂ ನೋಡಲಿ ಅಂತ ಹಾಕ್ಕೊಂಡೆ" ಎಂದಳು ನಾಚಿಕೊಂಡು, ಮೆಲ್ಲಗೆ. ಹೂಂ, ಹೊಳೆಯುತ್ತೆ, ಎಂದ ವರ್ಫಾ. ಅವಳು ಓಲೆ ಬಿಚ್ಚಿ ಅವನ ಅಂಗೈಗೆ ಹಾಕಿ ಬೆರಳು ಮಡಿಸಿದಳು. ಬೆಳಕಿಗೆ ಇಷ್ಟೊಂದು ತೊಂದರೆ ಆಗುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ ನೋಡು, ಎಂದಳು. ಅವಳಿಗೆ ಗೊತ್ತಾಗಿದೆಯೆ, ಗೊತ್ತಾಗಿಯೂ ಗೊತ್ತಾಗದವಳಂತೆ ಇದ್ದಾಳೆಯೆ? ಅವನು ಅವಳ ಮುಖದಲ್ಲಿ ಹುಡುಕಿದ. ಬೇರೆಯವರ ಮುಖಗಳನ್ನು ಓದಿ ಅನ್ನ ತಿನ್ನುವವನಿಗೆ ಆ ಒಂದು ಮುಖ ಓದಲು ಬರಲಿಲ್ಲ.

ಚಹಾ ಬಂತು. ಏಲಕ್ಕಿ ಹಾಕಿ, ಎಲ್ಲಿಂದಲೋ ಹಾಲು ತಂದು ಮಾಡಿದ ಚಹಾ. ಮಾರ್ಟೆನ್ ಕೈಗಡಿಯಾರ ನೋಡಿ, ಬಿಸಿಲು ನೆತ್ತಿಗೆ ಬಂದರೆ ಮುಖಕ್ಕೆ ನೆರಳು ಬೀಳುತ್ತದೆ, ಚಹಾ ಆಮೇಲೆ ಎಂದ. ವರ್ಫಾ ಚಿಕ್ಕಮ್ಮನಿಗೆ, ಅವರು ಬಹಳ ಸಂತೋಷಪಟ್ಟರು, ಕೆಲಸ ಮುಗಿಸಿ ನಿಧಾನವಾಗಿ ಕುಡಿಯುತ್ತಾರಂತೆ ಎಂದ. ಮನೆಗೆ ಬಂದವರು ಬಾಯಿಗೆ ಏನೂ ಹಾಕದೆ ಕೆಲಸಕ್ಕೆ ಕೂತದ್ದು ಅವಳ ಜೀವಮಾನದಲ್ಲಿ ಇದೇ ಮೊದಲಿರಬೇಕು. ತಟ್ಟೆ ಹಿಡಿದ ಅವಳ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತು, ಆಮೇಲೆ ಎಲ್ಲಿಡುವುದೆಂದು ತಿಳಿಯದೆ ಅವಳು ಅದನ್ನು ತನ್ನ ಹಿಂದೆ ಇಟ್ಟುಕೊಂಡಳು. ತಟ್ಟೆ ಚಿತ್ರದೊಳಗೆ ಬರುತ್ತದೆ ಎಂದು ಅದನ್ನೂ ಹೊರಗೆ ಒಯ್ಯಿಸಿದರು.

ಈಗ ಅವಳು ಖಾಲಿ ನೆಲದ ಮೇಲೆ, ಟಾರ್ಪಾಲಿನ ಮುಂದೆ, ಮದರಂಗಿಯ ಬೆರಳುಗಳನ್ನು ಬಟ್ಟೆಯೊಳಗೆ ಬಚ್ಚಿಟ್ಟು ಕೂತಿದ್ದಳು. ಬಚ್ಚಿಡು ಎಂದು ಅವನು ಹೇಳಿರಲಿಲ್ಲ. ಕ್ಯಾಮರಾ ಕೊನೆಗೆ ನೋಡಿದರಾಯಿತು, ಈಗ ಪ್ರಶ್ನೆ ಕೇಳುವವರನ್ನು ನೋಡಿ ಎಂದರು. ಪ್ರಶ್ನೆ ಅವಳ ಭಾಷೆಯಲ್ಲಿ ಕೇಳುವವನು ವರ್ಫಾ, ಹಾಗಾಗಿ ಅವನು ಅವಳೆದುರು ಕೂರಬೇಕಾಯಿತು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ಮೊದಲ ಪ್ರಶ್ನೆಗಳು ಸಲೀಸಾಗಿ ನಡೆದವು. ಧಾನ್ಯ ಕಡಿಮೆಯಾದ ಮೇಲೆ ಹೇಗೆ ಎಂದರೆ, ದೇವರು ದೊಡ್ಡವನು ಎಂದಳು. ರಾತ್ರಿ ಏನು ತಿನ್ನುತ್ತೀರಿ ಎಂದರೆ, ಒಂದು ಹೊತ್ತಿನದು ಎರಡು ಹೊತ್ತಿಗೆ ಎಂದಳು. ವರ್ಫಾ ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ, ಎರಡನೆಯ ಹೊತ್ತಿನ ರೊಟ್ಟಿ ತನ್ನ ತಟ್ಟೆಗೆ ಬರುತ್ತಿತ್ತು, ಅವಳು ನನಗೆ ಆಯ್ತು ಎನ್ನುತ್ತಿದ್ದಳು, ತಾನು ಅದನ್ನು ಬಹಳ ಸುಲಭವಾಗಿ ನಂಬುತ್ತಿದ್ದೆ ಎಂಬುದು ಹೊಳೆದು ಮಾತು ತೊದಲಿತು. ಮುಂಬುವಾ ಅದನ್ನು ಗಮನಿಸಿ ಪ್ರೀತಿಯಿಂದ ತಲೆಯಾಡಿಸಿದಳು. ಕೇಳುವವನಿಗೂ ಗಂಟಲು ಕಟ್ಟುವುದು ಚಿತ್ರಕ್ಕೆ ಒಳ್ಳೆಯದು. ಆಮೇಲೆ ಅವಳು ಮುಂದೆ ಬಾಗಿ ಮುಖ್ಯ ಪ್ರಶ್ನೆ ಕೇಳಿದಳು: ಅವರಿಗೆ ಯಾರಿದ್ದಾರೆ ಅಂತ ಕೇಳಿ.

ಅವನು ಕೇಳಬೇಕಿತ್ತು. ಮಾರ್ಟೆನ್ ಒಂದು ಕಣ್ಣು ಮುಚ್ಚಿ ಕಾಯುತ್ತಿದ್ದ. ಬೇಲಿಯಾಚೆ ಹೆಂಗಸರ ಪಿಸುಮಾತು ನಿಂತಿತ್ತು. "ನಿನಗೆ ಯಾರಿದ್ದಾರೆ ಅಂತ ಕೇಳ್ತಿದ್ದಾರೆ" ಎಂದ, ಅವಳ ಮೊಣಕಾಲು ನೋಡುತ್ತ.

ಬರ್ವಾಕೊ ಅವನನ್ನು ನೋಡಿದಳು. ಗಡಿ ದಾಟಿ ಬಂದ ದಿನ ಹೆಸರು ಬರೆದುಕೊಳ್ಳಲು ಮೇಜಿನ ಹಿಂದೆ ಕೂತವನು ಈ ಮಗು ಯಾರದ್ದು ಎಂದಾಗ, ತಬ್ಬಲಿಗಳ ಡೇರೆಗೆ ಕಳಿಸಿಯಾರೆಂದು ನನ್ನದು, ನಾನೇ ಹೆತ್ತದ್ದು ಎಂದು ಒಂದೇ ಉಸಿರಿಗೆ ಹೇಳಿ ವರ್ಫಾನ ಮಣಿಕಟ್ಟನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದಿದ್ದಳು. ಆ ಹಿಡಿತ ಅವನಿಗೆ ನೆನಪಿದೆಯೋ, ಅವಳು ಹೇಳಿ ಹೇಳಿ ನೆನಪಾಯಿತೋ. ಈಗ ಅವಳ ಕೈ ಬಟ್ಟೆಯೊಳಗಿತ್ತು. ಅವಳ ಕಣ್ಣು ಅವನ ಮುಖದಿಂದ ಮುಂಬುವಾಳ ಮುಖಕ್ಕೆ, ಖಾಲಿ ನೆಲಕ್ಕೆ, ಅಂಗಿಗಳಿಲ್ಲದ ಹಗ್ಗಕ್ಕೆ ಹೋಗಿ ಬಂತು. ಎಲ್ಲವೂ ಒಂದಕ್ಕೊಂದು ಕೂಡಿಕೊಂಡದ್ದು ಅವನಿಗೆ ಕಂಡಿತು. ಅವಳ ಮುಖದಲ್ಲಿ ಸಿಟ್ಟು ಬರಲೆಂದು ಅವನು ಕಾದ. ಬರಲಿಲ್ಲ. ಬದಲಿಗೆ, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡಿದ ಮೇಲೆ ಏನು ಮಾಡಬೇಕೆಂದು ತಿಳಿದುಬಿಡುವವಳ ನೆಮ್ಮದಿ ಬಂತು.

"ಯಾರೂ ಇಲ್ಲ ಅಂತ ಹೇಳು" ಎಂದಳು ಸ್ಪಷ್ಟವಾಗಿ. "ನನಗೆ ಹಿಂದೆ ಮುಂದೆ ಯಾರೂ ಇಲ್ಲ. ಮಕ್ಕಳಿಲ್ಲ. ನಾನೊಬ್ಬಳೇ."

ಬೇಲಿಯಾಚೆ ಸಾದೊ ತೌಬಾ ಎಂದು ನೆಲಕ್ಕೆ ಉಗುಳಿದ್ದು ಕೇಳಿಸಿತು. ಬದುಕಿರುವ ಮಗನನ್ನು ಎದುರಿಗಿಟ್ಟುಕೊಂಡು ಇಂಥ ಮಾತನ್ನು ಆ ಬ್ಲಾಕಿನಲ್ಲಿ ಜಗಳದಲ್ಲೂ ಯಾರೂ ಆಡಿದವರಲ್ಲ. ಮಕ್ಕಳೆಷ್ಟು ಎಂದರೆ ದೃಷ್ಟಿಯಾದೀತೆಂದು ಲೆಕ್ಕವನ್ನೂ ಹೇಳದ ಜನ. ಚಿಕ್ಕಮ್ಮ ಮಾತ್ರ ನೆಟ್ಟಗೆ ಕೂತು, ಮುಂದುವರಿಸು ಎಂಬಂತೆ ಗಲ್ಲ ಮೇಲೆತ್ತಿದಳು. ಎಲ್ಲರೂ ವರ್ಫಾನ ಬಾಯಿ ನೋಡುತ್ತಿದ್ದರು. ಅವನು ಮಾಡಬೇಕಾದದ್ದು ಬಹಳ ಸಣ್ಣದು. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಇನ್ನೊಂದು ಭಾಷೆಗೆ ಇಳಿಸುವುದು. ಇಷ್ಟು ವರ್ಷ ಅದನ್ನೇ ಮಾಡಿದ್ದ; ಮಾತು ಅವರದ್ದು, ನಾನು ಬರೀ ಸೇತುವೆ ಎಂದು ಅಂಬರೊಳ ನಂತರವೂ ಸಮಾಧಾನ ಹೇಳಿಕೊಂಡಿದ್ದ. ನಾಲಿಗೆಯ ಮೇಲೆ ಇಂಗ್ಲಿಷಿನ ಆ ಚಿಕ್ಕ ವಾಕ್ಯ ಸಿದ್ಧವಾಗಿಯೂ ಇತ್ತು. ಅದನ್ನು ಹೇಳಿದರೆ ಚಿತ್ರ ಗೆಲ್ಲುತ್ತದೆ, ಕೆಲಸ ಉಳಿಯುತ್ತದೆ, ರಾತ್ರಿಗೆ ರೊಟ್ಟಿ ಇರುತ್ತದೆ. ಅವಳಿಗೂ ಬೇಕಾದದ್ದು ಅದೇ. ಆದರೆ ಮೊಣಕಾಲು ಮೊಣಕಾಲಿಗೆ ತಾಗುತ್ತಿತ್ತು. ಅವಳ ಮೊಣಕಾಲು ಸಣ್ಣಗೆ ನಡುಗುತ್ತಿದ್ದುದು ಬೇರೆ ಯಾರಿಗೂ ಕಾಣುವಂತಿರಲಿಲ್ಲ.

"ಮಗ ಇದ್ದಾನೆ ಅಂತಿದ್ದಾರೆ" ಎಂದ ಇಂಗ್ಲಿಷಿನಲ್ಲಿ.

ಮುಂಬುವಾಳಿಗೆ ಸ್ವಲ್ಪ ನಿರಾಶೆಯಾಯಿತು, ಆದರೂ ಕೈಬಿಡಲಿಲ್ಲ. ಎಲ್ಲಿದ್ದಾನೆ, ಬಿಟ್ಟು ಹೋದನಾ, ಇವರನ್ನು ನೋಡಿಕೊಳ್ಳೋದಿಲ್ವಾ ಎಂದಳು. ಅದೂ ಒಂದು ಕಥೆಯೇ ಎಂದು ಅವಳ ದನಿಯಲ್ಲಿತ್ತು.

"ನಾನೇ" ಎಂದ ವರ್ಫಾ. "ಬೆಳಿಗ್ಗೆ ಬಿಟ್ಟು ಹೋಗಿದ್ದೆ."

ಮಾರ್ಟೆನ್ ಕ್ಯಾಮರಾದಿಂದ ಕಣ್ಣು ತೆಗೆದ. ಅದನ್ನು ನಿಲ್ಲಿಸುವ ಗುಂಡಿ ಒತ್ತಿದ ಸಣ್ಣ ಸದ್ದಾಯಿತು. ಮುಂಬುವಾ ಇಬ್ಬರ ಮುಖಗಳನ್ನೂ ಒಂದಾದ ಮೇಲೊಂದು ನೋಡಿದಳು. ಮೂಗು, ಗಲ್ಲ, ಅಗಲವಾದ ಹಣೆ, ಮೊದಲೇ ನೋಡಿದ್ದರೆ ಕಾಣುತ್ತಿತ್ತು. ನೀವು ನನಗೆ ಹೇಳಬೇಕಿತ್ತು, ಎಂದಳು. ಸಿಟ್ಟಿನಿಂದಲ್ಲ. ಈ ಚಿತ್ರ ಇನ್ನು ನಡೆಯುವುದಿಲ್ಲ, ನಿಮಗಾಗಿ ವಾದ ಮಾಡುವುದಕ್ಕೂ ನನ್ನ ಬಾಯಿ ಕಟ್ಟಿತು, ಗೊತ್ತಾಯಿತಲ್ಲ, ಎಂದಳು. ಗೊತ್ತಾಯಿತು ಎಂದ. ಅವಳು ತಲೆಯ ಬಟ್ಟೆ ಸರಿಮಾಡಿಕೊಳ್ಳುವ ನೆಪದಲ್ಲಿ ಕಣ್ಣೊರೆಸಿಕೊಂಡು, ಜೀಪಿನಲ್ಲಿ ನೀರಿನ ಬಾಟಲಿ ಇದೆ, ತರುತ್ತೇನೆ ಎಂದು ಸುಮ್ಮನೆ ಹೊರಗೆ ಹೋದಳು. ಮಾರ್ಟೆನ್ ಕ್ಯಾಮರಾದ ಕಾಲುಗಳನ್ನು ಮಡಿಸತೊಡಗಿದ. ವರ್ಫಾನಿಗೆ ಹೆದರಿಕೆಯಾಗಬೇಕಿತ್ತು, ನಾಳೆ ಆಗುತ್ತದೆ. ಈಗ ಅವನಿಗೆ ಅನಿಸಿದ್ದು, ಮುಷ್ಟಿಯೊಳಗೆ ಓಲೆ ಚುಚ್ಚುತ್ತಿದೆ ಎಂಬುದೊಂದೇ.

ಇಂಗ್ಲಿಷು ಬಾರದ ಚಿಕ್ಕಮ್ಮ ಎಲ್ಲರ ಮುಖಗಳನ್ನೂ ಓದುತ್ತಿದ್ದಳು. ಒಬ್ಬರೂ ಜೋರಾಗಿ ಮಾತಾಡಲಿಲ್ಲ, ಆ ಹುಡುಗಿಯ ಕಣ್ಣಲ್ಲಿ ನೀರು ಬಂತು. ಅಂದರೆ ಕೆಲಸ ಚೆನ್ನಾಗಿಯೇ ಆಗಿದೆ. ಅವಳು ಬಟ್ಟೆಯೊಳಗಿಂದ ಕೈ ಹೊರತೆಗೆದು ಅವನ ಮೊಣಕಾಲಿನ ಮೇಲಿಟ್ಟು ಪಿಸುಗುಟ್ಟಿದಳು.

"ಆಯ್ತಾ?"

"ಆಯ್ತು, ಚಿಕ್ಕಮ್ಮ."

"ನಾನು ಹೇಳಿದ ಹಾಗೇ ಹೇಳಿದೆಯಾ?"

"ಹಾಗೇ ಹೇಳಿದೆ."

ಅವಳು ಸಮಾಧಾನದ ಉಸಿರು ಬಿಟ್ಟಳು. ಆಮೇಲೆ ಏನೋ ಕೊರತೆ ನೆನಪಾದವಳಂತೆ, ತಪ್ಪು ಮಾಡಿದವಳ ದನಿಯಲ್ಲಿ ಹೇಳಿದಳು:

"ಒಂಚೂರು ಅಳಬೇಕಿತ್ತೇನೋ. ಅಳು ಬರಲೇ ಇಲ್ಲ. ನೀನು ಎದುರಿಗೇ ಕೂತಿದ್ದೆಯಲ್ಲ."